ಹೆಬ್ಬೆರಳಿನ ಅಳತೆ

ಮನೆಗೆ ಒಂದು ವಸ್ತು ತರುವ ವಿಷಯದಲ್ಲಿ ನಮ್ಮಲ್ಲಿ ಇಷ್ಟು ಮಾತುಕತೆ ನಡೆದದ್ದು ಇದೇ ಮೊದಲು. ಫ್ರಿಜ್ ಒಂದೇ ಸಂಜೆಯಲ್ಲಿ ತೀರ್ಮಾನವಾಗಿತ್ತು. ವಾಶಿಂಗ್ ಮೆಶಿನ್ ವಿಚಾರವನ್ನು ನನ್ನ ಯಜಮಾನರು ದುಬೈಯಿಂದ ಫೋನಿನಲ್ಲೇ ಮುಗಿಸಿದ್ದರು. ಆದರೆ ಎರಡು ಅಂಗೈಯಲ್ಲಿ ಹಿಡಿಯುವ ಒಂದು ಗೇಮ್‌ಪ್ಯಾಡ್‌ಗಾಗಿ ಭಟ್ಕಳದ ನಮ್ಮ ಮನೆ, ಹೊನ್ನಾವರದ ನನ್ನ ತವರು, ಕುಮಟಾದ ತಂಗಿಯ ಮನೆ ಮೂರೂ ಸೇರಿ ಎರಡು ತಿಂಗಳು ಚರ್ಚಿಸಿದವು.

ಗೇಮ್‌ಪ್ಯಾಡ್ ಎಂದರೇನೆಂದು ಕೇಳುವ ಸಹೋದರಿಯರೂ ಇರಬಹುದು. ಟಿ.ವಿ.ಗೆ ಜೋಡಿಸುವ ಆಟದ ಯಂತ್ರವನ್ನು ನಡೆಸುವ ಸಾಧನ ಅದು. ಎರಡು ಹೆಬ್ಬೆರಳುಗಳ ಕೆಳಗೆ ಪುಟ್ಟ ಅಣಬೆಯಂತಹ ಎರಡು ಸ್ಟಿಕ್‌ಗಳಿರುತ್ತವೆ. ಎಡಗಡೆಯದ್ದನ್ನು ಯಾವ ದಿಕ್ಕಿಗೆ ವಾಲಿಸಿದರೆ ಪರದೆಯ ಮೇಲಿನ ಆಟಗಾರ ಆ ದಿಕ್ಕಿಗೆ ಓಡುತ್ತಾನೆ. ಬಲಗಡೆ ನಾಲ್ಕು ಗುಂಡಿಗಳು, ಎದುರಿನ ಅಂಚಿನಲ್ಲಿ ತೋರುಬೆರಳುಗಳಿಗೆ ಇನ್ನೂ ನಾಲ್ಕು. ಎಡಗಡೆ ಕೂಡಿಸುವ ಚಿಹ್ನೆಯಂತಹ ಇನ್ನೊಂದು ಗುಂಡಿ ಇದೆ, ಅದಕ್ಕೆ ಡಿ-ಪ್ಯಾಡ್ ಎನ್ನುತ್ತಾರೆ. ನಮ್ಮ ಅತ್ತೆ ಇಡೀ ಸಾಧನವನ್ನು ರಿಮೋಟು ಎಂದೇ ಕರೆಯುತ್ತಾರೆ. ತಪ್ಪೇನೂ ಇಲ್ಲ.

ನನ್ನ ಮಗ ಕೇಳಿದ್ದು ಸಾದಾ ಪ್ಯಾಡ್ ಅಲ್ಲ, ಮಾಡ್ಯುಲರ್ ಪ್ಯಾಡ್. ಅಂದರೆ ಅದರ ಭಾಗಗಳನ್ನು ನಾವೇ ಕಳಚಬಹುದು. ಸ್ಟಿಕ್ ಎತ್ತರ ಬೇಕೆಂದರೆ ಎತ್ತರದ್ದು, ಕೆಲವು ಮಾದರಿಗಳಲ್ಲಿ ಸ್ಟಿಕ್ ಇರುವ ಜಾಗವನ್ನೇ ಬದಲಿಸಬಹುದು. ಹಿಂಬದಿಯಲ್ಲಿ ಉಂಗುರ ಬೆರಳಿಗೆಂದು ಹೆಚ್ಚಿನ ಗುಂಡಿಗಳೂ ಇರುತ್ತವೆ. ಸ್ಪರ್ಧೆಗಳಲ್ಲಿ ಆಡುವವರು ಇವನ್ನು ಬಳಸುತ್ತಾರೆ. ಬೆಲೆ ಸುಮಾರು ಹತ್ತೊಂಬತ್ತು ಸಾವಿರ ರೂಪಾಯಿ. ನಾನು ಮನೆಯಲ್ಲೇ ಹೊಲಿಗೆ ಕೆಲಸ ಮಾಡುವವಳು. ಹತ್ತೊಂಬತ್ತು ಸಾವಿರವೆಂದರೆ ನನ್ನ ಲೆಕ್ಕದಲ್ಲಿ ರಮಝಾನ್ ತಿಂಗಳಿಡೀ ರಾತ್ರಿ ಕುಳಿತು ಹೊಲಿದ ಈದ್ ಬಟ್ಟೆಗಳ ಕೂಲಿ.

"ಅಮ್ಮಿ, ನೀವು ಬೇಡ ಎಂದರೆ ಬೇಡ. ಒಮ್ಮೆ ಕೇಳಿ ನೋಡಿದೆ ಅಷ್ಟೆ" ಎಂದ. ಹಾಗೆ ಹೇಳುವಾಗ ಎಡಗೈಯನ್ನು ಬಲಗೈಯಿಂದ ಮುಚ್ಚಿಕೊಂಡಿದ್ದ. ಅದು ಅವನಿಗೆ ಅಭ್ಯಾಸವಾಗಿದೆ.

ಒಂಬತ್ತನೇ ವಯಸ್ಸಿನಲ್ಲಿ ಕಬ್ಬಿಣದ ಗೇಟಿನ ಸಂದಿಗೆ ಸಿಕ್ಕಿ ಅವನ ಎಡ ಹೆಬ್ಬೆರಳು ಜಜ್ಜಿಹೋಗಿತ್ತು. ಬೆರಳು ಉಳಿಯಿತು, ಅಲ್‌ಹಮ್ದುಲಿಲ್ಲಾಹ್. ಆದರೆ ಉಗುರಿನ ಕೆಳಗಿನ ಗಂಟು ಅಂದಿನಿಂದ ಮಡಚುವುದಿಲ್ಲ. ಊಟಕ್ಕೂ ಬರೆಯಲಿಕ್ಕೂ ಬಲಗೈ, ಹಾಗಾಗಿ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಕ್ರಿಕೆಟ್ಟಿನಲ್ಲಿ ಕ್ಯಾಚು ಬಿಟ್ಟಾಗ ಮಾತ್ರ ಹುಡುಗರು ನಗುತ್ತಿದ್ದರಂತೆ. ಕ್ರಮೇಣ ಮೈದಾನಕ್ಕೆ ಹೋಗುವುದನ್ನೇ ಬಿಟ್ಟ. ಅವನ ದೊಡ್ಡಪ್ಪನ ಮಗ ಗಲ್ಫಿನಿಂದ ಬಂದಾಗ ತನ್ನ ಪ್ಲೇಸ್ಟೇಷನ್ 5 ಇಲ್ಲಿ ಬಿಟ್ಟುಹೋದ. ಅದರಲ್ಲಿನ ಫುಟ್ಬಾಲಿನಲ್ಲಿ ಇವನನ್ನು ಸೋಲಿಸುವುದು ಮೊಹಲ್ಲಾದ ಹುಡುಗರಿಗೆ ಸುಲಭವಿಲ್ಲ. ಮೊದಲು ಫಿಫಾ ಎಂದಿದ್ದು 2023ರಿಂದ ಇ.ಎ. ಸ್ಪೋರ್ಟ್ಸ್ ಎಫ್.ಸಿ. ಎಂದು ಹೆಸರು ಬದಲಿಸಿಕೊಂಡ ಆಟ ಅದು. ಕ್ಯಾಚು ಬಿಟ್ಟ ಹುಡುಗನನ್ನು ಹುಡುಕಿಕೊಂಡು ಈಗ ಅದೇ ಗೆಳೆಯರು ಸಂಜೆ ನಮ್ಮ ಜಗಲಿಗೆ ಬರುತ್ತಾರೆ. ಇದನ್ನು ಸಣ್ಣ ವಿಷಯವೆಂದು ನಾನು ಭಾವಿಸಿಲ್ಲ.

ಹಿಂದಿನ ವರ್ಷ ಮಂಗಳೂರಿನ ಒಂದು ಕಾಲೇಜಿನ ಉತ್ಸವದಲ್ಲಿ ಸ್ಪರ್ಧೆಗೆ ಹೋಗಿದ್ದ. ಒಂದರ ಹಿಂದೆ ಒಂದು ಪಂದ್ಯ. ನಾಲ್ಕನೆಯದರಲ್ಲಿ ಸೋತು, ಹೆಬ್ಬೆರಳಿನ ಬುಡ ಒತ್ತಿ ಹಿಡಿದುಕೊಂಡು ಮನೆಗೆ ಬಂದ. ಮೂರು ದಿನ ಮುಲಾಮು ತಿಕ್ಕಿದ್ದೇನೆ.

ಅತ್ತೆಯವರ ಅಭಿಪ್ರಾಯ ಕೂಡಲೇ ಬಂತು. ನವಾಯತಿಯಲ್ಲಿ ಹೇಳಿದ ಮಾತನ್ನು ಕನ್ನಡಕ್ಕೆ ತಂದರೆ ಅದರ ಖಾರ ಹೋಗುತ್ತದೆ, ಆದರೂ ಅರ್ಥ ಇಷ್ಟು: ಕೈ ನೋಯುವ ಆಟವನ್ನು ಬಿಟ್ಟರೆ ಕೈಗೂ ಒಳ್ಳೆಯದು, ಗಂಟಿಗೂ ಒಳ್ಳೆಯದು. ಯಜಮಾನರು ಫೋನಿನಲ್ಲಿ, "ಕೊಡಿಸಲಿಕ್ಕೆ ಅಡ್ಡಿಯಿಲ್ಲ. ಮೂರು ತಿಂಗಳಲ್ಲಿ ಮೂಲೆಗೆ ಬಿದ್ದರೆ ಏನು ಮಾಡ್ತೀ?" ಎಂದರು. ನಾನು ಬೇಡ ಎನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ. ಹಣ ನನ್ನ ಹೊಲಿಗೆಯದು. ಆದ್ದರಿಂದ ಪ್ರಶ್ನೆ ಕೇಳುವ ಹಕ್ಕೂ ನನ್ನದು.

ಮೊದಲ ಪ್ರಶ್ನೆ ಪ್ಯಾಡ್ ಬಗ್ಗೆ ಅಲ್ಲ, ಸ್ಪರ್ಧೆಯ ಬಗ್ಗೆ. ಎಲ್ಲರೂ ಹಣ ಹಾಕಿ ಗೆದ್ದವನು ಅದನ್ನೆಲ್ಲ ಬಾಚಿಕೊಳ್ಳುವ ಪಂದ್ಯಗಳೂ ನಮ್ಮ ಕಡೆ ನಡೆಯುತ್ತವೆ. ಮೊಹಲ್ಲಾದ ಮೌಲಾನಾರನ್ನು ಕೇಳಿದೆವು. ಆಡುವವರೇ ಗಂಟು ಕಟ್ಟಿ ಒಬ್ಬನು ಎತ್ತಿಕೊಂಡರೆ ಅದು ಜೂಜು, ಬಹುಮಾನವನ್ನು ಆಟಗಾರರಲ್ಲದ ಬೇರೆಯವರು ಕೊಟ್ಟರೆ ಅದರ ಮಾತೇ ಬೇರೆ ಎಂದು ಅವರು ವಿವರಿಸಿದರು. ನಮಾಝಿನ ಹೊತ್ತು ತಪ್ಪಬಾರದು, ಓದು ಕೆಡಬಾರದು ಎಂದೂ ಸೇರಿಸಿದರು. ಕಾಕತಾಳೀಯವೆಂಬಂತೆ ದೇಶದ ಕಾನೂನು ಕೂಡ ಇಂಥದೇ ಒಂದು ಗೆರೆ ಎಳೆದಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಎಂಬ ಸ್ಪರ್ಧಾ ಆಟಗಳನ್ನು ಅದರಿಂದ ಬೇರ್ಪಡಿಸಿ ಮಾನ್ಯ ಮಾಡಿದೆ. ಕೋವಿಡ್‌ನಿಂದಾಗಿ 2023ಕ್ಕೆ ಮುಂದೂಡಲ್ಪಟ್ಟ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್‌ಗೆ ಮೊದಲ ಬಾರಿ ಪದಕಗಳಿದ್ದವು, ಭಾರತದವರೂ ಅಲ್ಲಿ ಈ ಫುಟ್ಬಾಲ್ ಆಡಿದ್ದರು ಎಂದು ಮಗ ಹೇಳಿದ. ಅತ್ತೆಗೆ ಇದರಿಂದ ಏನೂ ಅನ್ನಿಸಲಿಲ್ಲ. ಆದರೆ ನಮ್ಮ ನಡುವೆ ಒಂದು ಕರಾರು ಆಯಿತು: ಕಾಲೇಜುಗಳು ಬಹುಮಾನ ಕೊಡುವ ಸ್ಪರ್ಧೆ ಸರಿ, ಹುಡುಗರು ಗಂಟು ಕಟ್ಟುವ ಪಂದ್ಯ ಇಲ್ಲ.

ಎರಡನೇ ಪ್ರಶ್ನೆ: ನೋವು ನಿಜವಾಗಿ ಎಲ್ಲಿಂದ ಬರುತ್ತದೆ?

ಕಚ್ಚಾ ಹೊಲಿಗೆ ಹಾಕಿ ನೋಡದೆ ನಾನು ಯಾರ ಮದುವೆಯ ಬಟ್ಟೆಗೂ ಕತ್ತರಿ ಆಡಿಸಿದವಳಲ್ಲ. ಅಳತೆ ಟೇಪು ತಂದು ಮಗನನ್ನು ಎದುರು ಕೂರಿಸಿದೆ. ಪ್ಯಾಡ್ ಹಿಡಿಸಿ ಬುಡದಿಂದ ತುದಿಯವರೆಗೆ ಎರಡೂ ಹೆಬ್ಬೆರಳು ಅಳೆದೆ. ಎಡಗಡೆಯದು ಅರ್ಧ ಸೆಂಟಿಮೀಟರ್ ಗಿಡ್ಡ. ನಾಚಿಕೊಂಡು ಕೈ ಎಳೆದುಕೊಳ್ಳಲು ನೋಡಿದ, ನಾನು ಬಿಡಲಿಲ್ಲ. ಪ್ಲೇಸ್ಟೇಷನ್ ಪ್ಯಾಡ್‌ನಲ್ಲಿ ಎಡ ಸ್ಟಿಕ್ ಕೆಳಗಡೆ, ನಡುವಿಗೆ ಹತ್ತಿರ ಇರುತ್ತದೆ. ಅಲ್ಲಿಗೆ ತಲುಪಬೇಕಾದರೆ ಹೆಬ್ಬೆರಳು ಒಳಕ್ಕೆ ಬಾಗಬೇಕು. ಇವನ ಬೆರಳು ಬಾಗದು. ಆದ್ದರಿಂದ ಇಡೀ ಹೆಬ್ಬೆರಳನ್ನು ಬುಡದಿಂದಲೇ ತಿರುಗಿಸುತ್ತಾನೆ. ಬೆರಳಿನ ಕೆಲಸವನ್ನೆಲ್ಲ ಮಣಿಕಟ್ಟಿನ ಪಕ್ಕದ ಗಂಟು ಮಾಡುತ್ತದೆ. ಬಾಗುವ ಬೆರಳಿಗೆ ಆ ಜಾಗದಲ್ಲಿ ಏನೂ ತೊಂದರೆಯಿಲ್ಲ, ಕೋಟಿಗಟ್ಟಲೆ ಜನ ಆಡುತ್ತಾರೆ. ಪ್ಯಾಡ್‌ನ ದೋಷ ಅಲ್ಲ ಅದು.

ಸ್ಟಿಕ್ ಅಲ್ಲೇ ಏಕಿದೆ ಎಂದು ಕೇಳಿದ್ದಕ್ಕೆ ಮಗ ಹೇಳಿದ ಕತೆ ನನಗೆ ಇಷ್ಟವಾಯಿತು. 1994ರಲ್ಲಿ ಮೊದಲ ಪ್ಲೇಸ್ಟೇಷನ್ ಬಂದಾಗ ಅದರ ಪ್ಯಾಡ್‌ನಲ್ಲಿ ಸ್ಟಿಕ್‌ಗಳೇ ಇರಲಿಲ್ಲ. ಎಡಗಡೆಯ ಒಳ್ಳೆಯ ಜಾಗವನ್ನು ಡಿ-ಪ್ಯಾಡ್ ಹಿಡಿದುಕೊಂಡಿತ್ತು. 1997ರಲ್ಲಿ ಸ್ಟಿಕ್‌ಗಳನ್ನು ಸೇರಿಸುವಾಗ ಉಳಿದದ್ದು ಕೆಳಗಿನ ಜಾಗ. ನಮ್ಮ ಹಳೆಯ ಮನೆಗಳಿಗೆ ಆಮೇಲೆ ಜೋಡಿಸಿದ ಬಚ್ಚಲುಮನೆಯ ಹಾಗೆ. 2001ರಲ್ಲಿ ಬಂದ ಎಕ್ಸ್‌ಬಾಕ್ಸ್‌ನವರು ಹೊಸದಾಗಿ ಕಟ್ಟಿದವರಾದ್ದರಿಂದ ಎಡ ಸ್ಟಿಕ್ಕನ್ನು ಮೇಲಿಟ್ಟು ಡಿ-ಪ್ಯಾಡನ್ನು ಕೆಳಗೆ ಹಾಕಿದರು. ಮೇಲಿನ ಜಾಗದಲ್ಲಿ ಹೆಬ್ಬೆರಳು ನೇರವಾಗಿ ಮಲಗುತ್ತದೆ.

ಹಾಗಾದರೆ ಪರೀಕ್ಷಿಸಲು ಹಣವೇ ಬೇಡವಲ್ಲ! ಕುಮಟಾದಲ್ಲಿ ತಂಗಿಯ ಮಗನ ಕಂಪ್ಯೂಟರಿಗೆ ಎಕ್ಸ್‌ಬಾಕ್ಸ್ ಮಾದರಿಯ ಪ್ಯಾಡ್ ಇದೆ, ಅದೇ ಫುಟ್ಬಾಲೂ ಇದೆ. ಮೇ ತಿಂಗಳ ಕೊನೆಗೆ ತಾಯಿ ಮಗ ಬಸ್ಸು ಹತ್ತಿದೆವು. ಭಟ್ಕಳದಿಂದ ಹೊನ್ನಾವರಕ್ಕೆ ಸುಮಾರು ನಲ್ವತ್ತು ಕಿಲೋಮೀಟರ್, ಶರಾವತಿಯ ಸೇತುವೆ ದಾಟಿ ಮುಂದೆ ಇಪ್ಪತ್ತು. ತಂಗಿ ಅಳ್ವೆಕೋಡಿಯ ಸಿಹಿ ಈರುಳ್ಳಿಯ ಗೊಂಚಲು ತಂದಿಟ್ಟಿದ್ದಳು. ಅವಳು ಅಡುಗೆಮನೆಗೆ ಕರೆದರೂ ನಾನು ಹೋಗದೆ ಗಡಿಯಾರ ಹಿಡಿದು ಹುಡುಗರ ಹಿಂದೆ ಕುಳಿತೆ.

"ಖಾಲಾ, ನೀವು ಅಂಪೈರಾ?" ಎಂದು ತಂಗಿಯ ಮಗ ನಕ್ಕ. ನಗಲಿ. ನಾನು ನೋಡುತ್ತಿದ್ದದ್ದು ಪರದೆಯನ್ನಲ್ಲ, ಎಡಗೈಯನ್ನು. ಮನೆಯ ಪ್ಯಾಡ್‌ನಲ್ಲಾದರೆ ಮೂರನೇ ಪಂದ್ಯದ ಹೊತ್ತಿಗೆ ಅವನು ಕೈ ಕೊಡವಲು ಶುರು ಮಾಡುತ್ತಾನೆ. ಇಲ್ಲಿ ಆರು ಪಂದ್ಯ ಆಡಿದ, ಕೈ ಕೊಡವಲಿಲ್ಲ. ಆರರಲ್ಲಿ ನಾಲ್ಕು ಸೋತ, ಏಕೆಂದರೆ ಹೊಸ ಜಾಗ ಬೆರಳಿಗೆ ಒಗ್ಗಿರಲಿಲ್ಲ. ಸೋತರೂ ಅವನ ಮುಖ ಅರಳಿತ್ತು. ಊಟದ ನಂತರ ಸ್ಟಿಕ್ ಮೇಲೆ ಹಾಕುವ ಎತ್ತರದ ರಬ್ಬರ್ ಟೋಪಿಯೊಂದನ್ನೂ ಪರೀಕ್ಷಿಸಿದೆವು. ಅಂಥವು ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಎತ್ತರವಾದಷ್ಟೂ ಬೆರಳು ಬಾಗಬೇಕಾಗಿಲ್ಲ, ಸಣ್ಣ ತಿರುವಿಗೂ ಹಿಡಿತ ಸಿಗುತ್ತದೆ. ಆದರೆ ಕೆಳಗಿರುವ ಸ್ಟಿಕ್‌ಗೆ ಎತ್ತರದ ಟೋಪಿ ಹಾಕಿದರೆ ಅರ್ಧ ಪ್ರಯೋಜನ ಮಾತ್ರ. ಇದನ್ನು ಮನೆಗೆ ಬಂದು ಖಚಿತ ಮಾಡಿಕೊಂಡೆವು. ನೋವು ನಾಲ್ಕನೇ ಪಂದ್ಯಕ್ಕೆ ಬಂತು, ಅಷ್ಟೆ.

ಇಲ್ಲಿಗೆ ಒಂದು ವಿಷಯ ತಿಳಿಯಾಯಿತು. ನಮಗೆ ಬೇಕಾದದ್ದು ದುಬಾರಿ ಪ್ಯಾಡ್ ಅಲ್ಲ, ಎಡ ಸ್ಟಿಕ್ ಮೇಲಿರುವ ಪ್ಯಾಡ್. ಎಕ್ಸ್‌ಬಾಕ್ಸ್‌ನದ್ದನ್ನೇ ಕೊಂಡರಾಯಿತಲ್ಲ ಎಂದೆ. ಅದು ಪ್ಲೇಸ್ಟೇಷನ್‌ಗೆ ಸೇರುವುದಿಲ್ಲವಂತೆ. ಕಾಲೇಜುಗಳ ಸ್ಪರ್ಧೆಯಲ್ಲಿ ಇಟ್ಟಿರುವುದು ಪ್ಲೇಸ್ಟೇಷನ್ 5. ಒಂದು ಕಂಪೆನಿಯ ಹೊಲಿಗೆ ಯಂತ್ರದ ಬಾಬಿನ್ ಇನ್ನೊಂದಕ್ಕೆ ಕೂರದೆ ಎಷ್ಟು ಸಲ ಪೇಟೆಗೆ ಅಲೆದಿಲ್ಲ ನಾವು!

ಮರಳುವಾಗ ಹೊನ್ನಾವರದಲ್ಲಿ ಇಳಿದೆವು. ನನ್ನ ಅಣ್ಣ ಹಳೆಯ ರೇಡಿಯೋ, ಟೇಪ್‌ರೆಕಾರ್ಡರ್ ಕಾಲದಿಂದ ರಿಪೇರಿ ಮಾಡಿಕೊಂಡು ಬಂದವನು. ಈಗ ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ್ದರೂ ಮನೆಯ ಜಗಲಿಯಲ್ಲಿ ಕಾವಿಗೆ ಉಪಕರಣ, ಸ್ಕ್ರೂಡ್ರೈವರುಗಳ ಸಾಮ್ರಾಜ್ಯ ಹಾಗೆಯೇ ಇದೆ. ತಂಗಿಯ ಮಗ ಎಸೆಯಲಿಟ್ಟಿದ್ದ ಯಾವುದೋ ಅಗ್ಗದ ಹಳೆಯ ಪ್ಯಾಡ್ ಒಂದನ್ನು ನಾವು ಜೊತೆಗೆ ತಂದಿದ್ದೆವು. ಮುಟ್ಟದಿದ್ದರೂ ಆಟಗಾರ ತಾನಾಗಿ ಎಡಕ್ಕೆ ಓಡುವ ರೋಗ ಅದಕ್ಕೆ. ಅಣ್ಣ ಅದನ್ನು ಬಿಚ್ಚಿ, ಭೂತಗನ್ನಡಿ ಹಿಡಿದು, ಒಂದು ಕ್ಷಣದಲ್ಲಿ ನಕ್ಕುಬಿಟ್ಟ.

"ಇದು ನಮ್ಮ ರೇಡಿಯೋದ ವಾಲ್ಯೂಮ್ ಅಲ್ವನೇ! ಎರಡು ವಾಲ್ಯೂಮ್ ಜೋಡಿಸಿಟ್ಟಿದ್ದಾರೆ, ಒಂದು ಅಡ್ಡಕ್ಕೆ, ಒಂದು ಉದ್ದಕ್ಕೆ."

ಹಳೆಯ ರೇಡಿಯೋದ ಶಬ್ದ ಹೆಚ್ಚು ಕಡಿಮೆ ಮಾಡುವಾಗ ಗರಗರ ಸದ್ದು ಬರುತ್ತಿತ್ತಲ್ಲ, ನೆನಪಿದೆಯೇ? ಒಳಗೆ ಇಂಗಾಲದ ಒಂದು ಪಟ್ಟಿ, ಅದರ ಮೇಲೆ ಜಾರುವ ಲೋಹದ ಒಂದು ನಾಲಗೆ. ಉಜ್ಜಿ ಉಜ್ಜಿ ಪಟ್ಟಿ ಸವೆಯುತ್ತದೆ, ಧೂಳು ಕೂರುತ್ತದೆ. ಪ್ಯಾಡ್‌ನ ಸ್ಟಿಕ್ ಒಳಗೂ ಅದೇ. ಆ ನಾಲಗೆ ಎಲ್ಲಿದೆ ಎಂಬುದು ಯಂತ್ರಕ್ಕೆ ಸರಿಯಾಗಿ ತಿಳಿಯದೆ ಆಟಗಾರ ತಾನಾಗಿ ಓಡುತ್ತಾನೆ. ಇದಕ್ಕೆ ಸ್ಟಿಕ್ ಡ್ರಿಫ್ಟ್ ಎಂದು ಹೆಸರು. ಉಜ್ಜುವಿಕೆಯೇ ಇಲ್ಲದ ಇನ್ನೊಂದು ಜಾತಿಯ ಸ್ಟಿಕ್ ಉಂಟು. ಅದರಲ್ಲಿ ಒಂದು ಅಯಸ್ಕಾಂತ ತಿರುಗುತ್ತದೆ, ಮುಟ್ಟದೆಯೇ ಅದರ ದಿಕ್ಕನ್ನು ಒಂದು ಸೆನ್ಸರ್ ಗುರುತಿಸುತ್ತದೆ. ಎಡ್ವಿನ್ ಹಾಲ್ ಎಂಬ ಅಮೆರಿಕದ ವಿಜ್ಞಾನಿ 1879ರಲ್ಲಿ ಕಂಡುಹಿಡಿದ ತತ್ವವಾದ್ದರಿಂದ ಹಾಲ್ ಎಫೆಕ್ಟ್ ಎನ್ನುತ್ತಾರೆ. 1998ರಲ್ಲೇ ಸೆಗಾ ಕಂಪೆನಿಯ ಡ್ರೀಮ್‌ಕಾಸ್ಟ್ ಪ್ಯಾಡ್‌ನಲ್ಲಿ ಅಯಸ್ಕಾಂತದ ಸ್ಟಿಕ್ ಇತ್ತು. ಈಗ ಗುಲಿಕಿಟ್, ಏಯ್ಟ್‌ಬಿಟ್‌ಡೂ ಮುಂತಾದ ಚೀನಾದ ಕಂಪೆನಿಗಳು ಕಡಿಮೆ ಬೆಲೆಯ ಪ್ಯಾಡ್‌ಗಳಲ್ಲೂ ಹಾಕುತ್ತವೆ.

ಆದರೆ ಅಣ್ಣ ಕೊಟ್ಟ ನಿಜವಾದ ಎಚ್ಚರಿಕೆ ಬೇರೆ. ಪ್ಯಾಡ್‌ನ ಒಳಗಿನ ಲೋಹದ ತುದಿಗಳನ್ನು ತೋರಿಸಿದ. ಹಸಿರು ಕಿಲುಬು. "ಇದು ಸವೆದದ್ದಲ್ಲ, ಸಮುದ್ರದ ಗಾಳಿ. ನಮ್ಮ ಕಡೆ ಯಾವುದನ್ನು ಕೊಂಡರೂ ಬಿಚ್ಚಲಿಕ್ಕೆ ಬರುವಂಥದ್ದನ್ನೇ ಕೊಳ್ಳಿ. ಅಂಟು ಹಾಕಿ ಮುಚ್ಚಿದ್ದು ಬೇಡ." ಕುಕ್ಕರ್ ಕೊಳ್ಳುವಾಗ ನಾವು ರಬ್ಬರ್ ಸಿಗುತ್ತದೆಯೇ, ಸೀಟಿ ಸಿಗುತ್ತದೆಯೇ ಎಂದು ಮೊದಲು ಕೇಳುತ್ತೇವಲ್ಲ, ಅಂಥದೇ ಮಾತು. ಬಣ್ಣ, ಬೆಳಕು, ಹೆಸರು ಎಲ್ಲ ಆಮೇಲೆ.

ಇದಾದ ಮೇಲೆ ಜೂನ್ ತಿಂಗಳಿಡೀ ಮಳೆ, ಕರೆಂಟು ಹೋಗುವುದು ಬರುವುದು. ಅದರ ನಡುವೆ ಮಗನ ಫೋನಿನಲ್ಲಿ ಒಂದೊಂದೇ ಮಾದರಿಯನ್ನು ನೋಡಿದೆವು. ನನಗೆ ಇಂಗ್ಲಿಷ್ ಅಷ್ಟು ಓದಲು ಬಾರದು, ಅವನು ಓದಿ ಹೇಳುತ್ತಿದ್ದ, ನಾನು ಗುಂಡಿ ಹೊಲಿಯುತ್ತಾ ಅಡ್ಡಪ್ರಶ್ನೆ ಹಾಕುತ್ತಿದ್ದೆ.

ಅವನು ಮೊದಲು ಆಸೆಪಟ್ಟದ್ದು ಸೋನಿಯ ಡ್ಯುಯಲ್‌ಸೆನ್ಸ್ ಎಡ್ಜ್. 2023ರಲ್ಲಿ ಭಾರತಕ್ಕೆ ಬಂದಾಗ ಬೆಲೆ 18,990 ರೂಪಾಯಿ. ಕೆಲಸ ಅಚ್ಚುಕಟ್ಟು. ಮುಂದಿನ ಮುಚ್ಚಳ ತೆಗೆದು ಒಂದು ಸಣ್ಣ ಹಿಡಿಕೆ ಎತ್ತಿದರೆ ಸ್ಟಿಕ್ ಭಾಗ ಪೂರ್ತಿ ಹೊರಗೆ ಬರುತ್ತದೆ, ಸ್ಕ್ರೂ ಬೇಡ. ಕೆಟ್ಟರೆ ಆ ಭಾಗ ಮಾತ್ರ ಹೊಸದು ಕೊಂಡರಾಯಿತು. ಎತ್ತರದ ಸ್ಟಿಕ್ ತುದಿಗಳೂ, ಹಿಂಬದಿಗೆ ಎರಡು ಗುಂಡಿಗಳೂ ಉಂಟು. ಆದರೆ ಸ್ಟಿಕ್‌ನ ಜಾಗ ಬದಲಿಸಲು ಬರುವುದಿಲ್ಲ. "ಎಲ್ಲಾ ಇದೆ, ನಿನಗೆ ಬೇಕಾದದ್ದು ಇಲ್ಲ" ಎಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಎಲ್ಲರ ಕೈಯಲ್ಲೂ ಆ ಹೆಸರಿನದ್ದೇ ಇರುವಾಗ ತನ್ನ ಕೈಯಲ್ಲೂ ಅದೇ ಇರಲಿ ಎಂಬ ಆಸೆ ಆ ವಯಸ್ಸಿಗೆ ಸಹಜ.

ಮೈಕ್ರೋಸಾಫ್ಟ್‌ನ ಎಲೀಟ್ ಸೀರೀಸ್ 2ರಲ್ಲಿ ಸ್ಟಿಕ್ ಮೇಲಿದೆ, ಬಿಗಿಯನ್ನೂ ಕೀಲಿಯಿಂದ ಹೊಂದಿಸಬಹುದು, ಆದರೆ ಅದು ಬೇರೆ ಯಂತ್ರದ್ದು. ಥ್ರಸ್ಟ್‌ಮಾಸ್ಟರ್ ಕಂಪೆನಿಯ ಇ-ಸ್ವ್ಯಾಪ್ ಪ್ರೊ ನನಗೆ ಬಹಳ ಹಿಡಿಸಿತು. ಭಾಗಗಳು ಅಯಸ್ಕಾಂತದಿಂದ ಕೂರುತ್ತವೆ. ಆಟದ ನಡುವೆಯೇ ಕಿತ್ತು ಸ್ಟಿಕ್ ಜಾಗಕ್ಕೆ ಡಿ-ಪ್ಯಾಡ್, ಅದರ ಜಾಗಕ್ಕೆ ಸ್ಟಿಕ್ ಇಡಬಹುದು. ಆದರೆ 2019ರಲ್ಲಿ ಬಂದ ಅದು ಪ್ಲೇಸ್ಟೇಷನ್ 4ರ ಕಾಲದ್ದು, 5ರ ಆಟಗಳು ಅದನ್ನು ಒಪ್ಪುವುದಿಲ್ಲ. ಹೀಗೆ ಒಂದೊಂದೂ ಒಂದೊಂದು ಕಾರಣಕ್ಕೆ ಬಿದ್ದುಹೋಯಿತು.

ಅಂಗವಿಕಲರಿಗಾಗಿಯೇ ಮಾಡಿದ ಸಾಧನಗಳೂ ಇವೆ. 2018ರಲ್ಲಿ ಮೈಕ್ರೋಸಾಫ್ಟ್ ಅಡಾಪ್ಟಿವ್ ಕಂಟ್ರೋಲರ್ ತಂದಿತು. ಅದರಲ್ಲಿ ಎರಡು ದೊಡ್ಡ ಗುಂಡಿಗಳು, ಹಿಂಬದಿಯಲ್ಲಿ ಸಾಲಾಗಿ ತೂತುಗಳು. ಕಾಲಿನಿಂದಲೋ ಮೊಣಕೈಯಿಂದಲೋ ಒತ್ತುವ ಬೇರೆ ಬೇರೆ ಸ್ವಿಚ್ಚುಗಳನ್ನು ಅವಕ್ಕೆ ಜೋಡಿಸಬಹುದು. ಸೋನಿ 2023ರ ಡಿಸೆಂಬರ್‌ನಲ್ಲಿ ಆಕ್ಸೆಸ್ ಎಂಬ ದುಂಡನೆಯ ಸಾಧನ ತಂದಿತು. ಇವನ್ನು ತೋರಿಸುವಾಗ ಮಗನ ದನಿ ಬದಲಾಯಿತು. "ಅಮ್ಮಿ, ನನಗೆ ಒಂದು ಗಂಟು ಮಾತ್ರ ಮಡಚುವುದಿಲ್ಲ. ಇದು ನನಗಿಂತ ಹೆಚ್ಚು ಬೇಕಾದವರಿಗೆ." ನಾನು ಒತ್ತಾಯಿಸಲಿಲ್ಲ. ಮನೆಯಲ್ಲಿ ಕೈಕಾಲು ಸರಿಯಿಲ್ಲದ ಮಗು ಇರುವ ತಾಯಂದಿರು ಮಾತ್ರ ಈ ಎರಡು ಹೆಸರುಗಳನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಆಗಲೇ ಅವನು ಅಮೆರಿಕದ ಟೆಕ್ಸಾಸ್‌ನ ಮೈಕ್ ಬೇಗಮ್ ಎಂಬವರ ಬಗ್ಗೆ ಹೇಳಿದ್ದು. ಹುಟ್ಟಿನಿಂದಲೇ ಕೈಕಾಲುಗಳ ಗಂಟುಗಳು ಬಿಗಿದುಹೋಗಿದ್ದ ಅವರು ಪ್ಯಾಡನ್ನು ಮುಖದ ಬಳಿ ಇಟ್ಟುಕೊಂಡು, ಬಾಯಿ ನಾಲಗೆಯಿಂದ ಗುಂಡಿ ಒತ್ತಿ ಸ್ಟ್ರೀಟ್ ಫೈಟರ್ ಆಟದ ದೊಡ್ಡ ಸ್ಪರ್ಧೆಗಳಲ್ಲಿ ಆಡುತ್ತಿದ್ದರು. 2023ರಲ್ಲಿ ತೀರಿಕೊಂಡರು.

"ಬೇಗಮ್? ಹೆಂಗಸಾ?" ಎಂದರು ಮೂಲೆಯಲ್ಲಿ ತಸ್ಬೀಹ್ ಹಿಡಿದಿದ್ದ ಅತ್ತೆ.

"ಅಲ್ಲ ದಾದಿ, ಗಂಡಸು. ಅದು ಅವರ ಮನೆತನದ ಹೆಸರು."

"ಅವನ ರಿಮೋಟು ಯಾವುದು?"

"ಸಾದಾ ಪ್ಯಾಡ್, ದಾದಿ."

"ಬಾಯಲ್ಲಿ ಆಡಿದವನಿಗೆ ಸಾದಾ ಸಾಕಾಯಿತು. ನಿನಗೆ ಒಂದು ಬೆರಳಿಗೆ ಹತ್ತೊಂಬತ್ತು ಸಾವಿರದ್ದು ಬೇಕು!"

ಮನೆಯಲ್ಲಿ ನಗು ಎದ್ದಿತು, ಮಗನೂ ನಕ್ಕ. ಆದರೆ ಆ ಪ್ರಶ್ನೆಗೆ ಪೂರ್ತಿ ಉತ್ತರ ನನ್ನ ಬಳಿ ಇಂದಿಗೂ ಇಲ್ಲ. ಮನುಷ್ಯ ಇದ್ದುದರಲ್ಲೇ ದಾರಿ ಮಾಡಿಕೊಳ್ಳುತ್ತಾನೆ, ನಿಜ. ಹಾಗೆಂದು ಹೊಂದುವ ಬಟ್ಟೆ ಹೊಲಿಯಲು ಬರುವಾಗ ಹೊಂದದ್ದನ್ನೇ ತೊಟ್ಟುಕೊ ಎಂದು ಯಾರಿಗಾದರೂ ಹೇಳಲು ನನ್ನ ಕಸುಬು ಬಿಡುವುದಿಲ್ಲ.

ಕೊನೆಗೆ ನಿಂತದ್ದು ವಿಕ್ಟ್ರಿಕ್ಸ್ ಪ್ರೊ ಬಿ.ಎಫ್.ಜಿ. ಎಂಬ ಪ್ಯಾಡ್‌ಗೆ. ಪ್ಲೇಸ್ಟೇಷನ್ 5ಕ್ಕೆ ಒಪ್ಪಿಗೆ ಪಡೆದದ್ದು. ಎಡಗಡೆಯ ಭಾಗವನ್ನು ಪೂರ್ತಿಯಾಗಿ ಬಿಚ್ಚಿ ತಲೆಕೆಳಗು ಮಾಡಿ ಕೂರಿಸಿದರೆ ಸ್ಟಿಕ್ ಮೇಲಕ್ಕೆ, ಡಿ-ಪ್ಯಾಡ್ ಕೆಳಕ್ಕೆ ಬರುತ್ತದೆ. ಹಿಂಬದಿಗೆ ನಾಲ್ಕು ಗುಂಡಿಗಳು. 2023ರಲ್ಲಿ ಬಂದಾಗ ಅಮೆರಿಕದಲ್ಲಿ ಬೆಲೆ ಸುಮಾರು 180 ಡಾಲರ್, ಎಡ್ಜ್‌ಗಿಂತ ಸ್ವಲ್ಪ ಕಡಿಮೆ. ಕೊರತೆ ಇಲ್ಲವೆಂದಲ್ಲ. ಗೋಲು ಹೊಡೆದಾಗ ಕೈಯಲ್ಲಿ ಗುರ್ರೆಂದು ಅದುರುವ ಸೌಲಭ್ಯ ಇಲ್ಲ. ಅದು ನನಗೆ ಕೊರತೆಯೆಂದು ಅನ್ನಿಸಲೂ ಇಲ್ಲ. ಸ್ಟಿಕ್ ಅಯಸ್ಕಾಂತದ್ದಲ್ಲ, ಅಣ್ಣ ತೋರಿಸಿದ ವಾಲ್ಯೂಮ್ ಜಾತಿಯದೇ. ಆದರೆ ಸ್ಕ್ರೂ ಬಿಚ್ಚಿದರೆ ಭಾಗ ಹೊರಗೆ ಬರುತ್ತದೆ, ಅಂಟು ಹಾಕಿ ಮುಚ್ಚಿದ್ದಲ್ಲ. ಯಜಮಾನರು ದುಬೈಯಲ್ಲಿ ಕೊಂಡು ರಜೆಗೆ ಬರುತ್ತಿದ್ದ ಪರಿಚಯದವರ ಕೈಯಲ್ಲಿ ಕಳಿಸಿದರು. ಹೊರದೇಶದಲ್ಲಿ ಕೊಂಡರೆ ವಾರಂಟಿ ಇಲ್ಲಿ ನಡೆಯುವುದಿಲ್ಲ ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿದ್ದೆವು. ಹೊನ್ನಾವರದ ಮಾಮುವೇ ನಮ್ಮ ವಾರಂಟಿ.

ಬಂದ ದಿನ ಮಗ ಕೂಡಲೇ ಆಡಲಿಲ್ಲ. ಹಾಳೆ ಹರಡಿ, ಅದರ ಜೊತೆ ಬಂದ ಪುಟ್ಟ ಸ್ಕ್ರೂಡ್ರೈವರಿನಿಂದ ಎಡಭಾಗ ಬಿಚ್ಚಿ ತಿರುಗಿಸಿದ. ಹೊಲಿಗೆ ಯಂತ್ರಕ್ಕೆ ಝಿಪ್ ಹಚ್ಚುವ ಫುಟ್ ಹಾಕುವಾಗ ನಾನು ಮಾಡುವ ಹಾಗೆಯೇ ಉಸಿರು ಬಿಗಿಹಿಡಿದಿದ್ದ. ಮೇಲೆ ಎತ್ತರದ ತುದಿ ಹಾಕಿದ. ಆಟದ ನಡುವೆ ತಂಡದ ತಂತ್ರ ಬದಲಿಸಲು ಹೆಬ್ಬೆರಳನ್ನು ಸ್ಟಿಕ್ ಬಿಡಿಸಿ ಡಿ-ಪ್ಯಾಡಿಗೆ ಒಯ್ಯಬೇಕಾಗುತ್ತದೆ. ಆ ಕೆಲಸವನ್ನು ಹಿಂದಿನ ಗುಂಡಿಗಳಿಗೆ ಒಪ್ಪಿಸಿದ, ಈಗ ಉಂಗುರ ಬೆರಳು ಅದನ್ನು ಮಾಡುತ್ತದೆ. ಒಂದು ಗುಂಡಿ ಒತ್ತಿದರೆ ತಾನಾಗಿ ಹತ್ತು ಸಲ ಒತ್ತಿದಂತಾಗುವ ವ್ಯವಸ್ಥೆಗಳಿಗೆ ಸ್ಪರ್ಧೆಗಳಲ್ಲಿ ಅವಕಾಶ ಇರುವುದಿಲ್ಲ. ಅಂಥದ್ದೇನೂ ಇಲ್ಲ ಎಂದು ಸಂಘಟಕರಿಗೆ ಪ್ಯಾಡ್‌ನ ಚಿತ್ರ ಕಳಿಸಿ ಮುಂಚಿತವಾಗಿ ಅನುಮತಿ ಪಡೆದ. ವಯರಿಲ್ಲದ ಪ್ಯಾಡ್‌ಗಳು ಹತ್ತಾರು ಸೇರಿದಲ್ಲಿ ಒಂದಕ್ಕೊಂದು ಗೊಂದಲವಾಗುತ್ತದೆಂದು ಕೇಬಲ್ ತರಲು ಹೇಳಿದರಂತೆ.

ಮೊದಲ ಎರಡು ವಾರ ಜಗಲಿಯ ಹುಡುಗರಿಗೆಲ್ಲ ಅವನು ಸೋತ. ಆರು ವರ್ಷ ಕೆಳಗೆ ಓಡಾಡಿದ ಬೆರಳು ತಪ್ಪಿ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಅತ್ತೆ ಏನೂ ಹೇಳದೆ ನನ್ನ ಕಡೆ ನೋಡುತ್ತಿದ್ದರು. ಆ ನೋಟದ ಬೆಲೆಯೂ ಹತ್ತೊಂಬತ್ತು ಸಾವಿರ. ಮೂರನೇ ವಾರದಿಂದ ಗೆಲ್ಲತೊಡಗಿದ.

ಈ ವರ್ಷ ಮಂಗಳೂರಿನ ಸ್ಪರ್ಧೆಯಲ್ಲಿ ಐದು ಪಂದ್ಯ ಗೆದ್ದು ಆರನೆಯದರಲ್ಲಿ ಸೋತ. ಸೋಲಿಸಿದವಳು ಉಡುಪಿ ಕಡೆಯ ಒಬ್ಬ ಹುಡುಗಿ. ಅವಳ ಕೈಯಲ್ಲಿದ್ದದ್ದು ಸಾದಾ ಪ್ಯಾಡ್. ಮಗ ಇದನ್ನು ಮುಚ್ಚಿಡಲಿಲ್ಲ, ತಾನೇ ಹೇಳಿದ. ಅವಳು ಇವನ ಪ್ಯಾಡ್ ನೋಡಿ ಸ್ಟಿಕ್ ಏಕೆ ಮೇಲಿದೆ ಎಂದು ಕೇಳಿದಳಂತೆ. ಹೆಬ್ಬೆರಳು ತೋರಿಸಿದನಂತೆ. ಗೊತ್ತಿಲ್ಲದವರಿಗೆ ಆ ಕೈಯನ್ನು ಅವನಾಗಿ ತೋರಿಸಿದ ಸಂಗತಿ ನಾನು ಕೇಳಿದ್ದು ಅದೇ ಮೊದಲು.

ರಾತ್ರಿ ಹನ್ನೊಂದರ ಮೇಲೆ ಮನೆ ತಲುಪಿದ. ಅತ್ತೆ ಮಲಗಿರಲಿಲ್ಲ.

"ಗೆದ್ದೆಯಾ?"

"ಇಲ್ಲ ದಾದಿ."

"ಕೈ?"

ಅವನು ಎಡಗೈಯನ್ನು ಅವರ ಮಡಿಲಲ್ಲಿ ಇಟ್ಟ. ಅತ್ತೆ ಹೆಬ್ಬೆರಳಿನ ಬುಡವನ್ನು ಒತ್ತಿ ನೋಡಿದರು. ಅವನು ಕೈ ಎಳೆದುಕೊಳ್ಳಲಿಲ್ಲ. ಮುಲಾಮಿನ ಡಬ್ಬಿಯನ್ನು ಅತ್ತೆ ಹೊರತೆಗೆದಿಟ್ಟಿದ್ದರು, ಅದನ್ನು ಹಾಗೆಯೇ ಒಳಗಿಟ್ಟರು. ಮರುದಿನ ಬೆಳಿಗ್ಗೆ ಬಿಸ್ಕಿಟಿನ ಗಟ್ಟಿ ಮುಚ್ಚಳದ ಒಂದು ಹಳೆಯ ತಗಡಿನ ಡಬ್ಬಿ ತಂದು, ಉಪ್ಪುಗಾಳಿ ತಾಗಬಾರದು, ರಿಮೋಟನ್ನು ಇದರಲ್ಲಿ ಇಡು ಎಂದರು.